ಸೈಕಲ್ ತಯಾರಕರಿಗೆ, ಮಾರಾಟಗಾರರಿಗೆ, ಮಾನಕ ಬರೆಯುವವರಿಗೆ ಬಹಿರಂಗ ಪತ್ರ: ಆ ಲಿವರನ್ನು ಕೊಳ್ಳುವವರ ಕೈಯಿಂದಲೇ ಒಮ್ಮೆ ಮುಚ್ಚಿಸಿ

ಮಾನ್ಯರೇ,

ಸೈಕಲ್ಲಿನ ಮುಂದಿನ ಚಕ್ರವನ್ನು ಅದರ ಎರಡೂ ಬದಿಗೆ ಕಾಲು ಇಳಿಬಿಟ್ಟ ಫೋರ್ಕಿಗೆ ಕಚ್ಚಿಸಿ ಹಿಡಿಯುವುದು ಸುಮಾರು 5 ಮಿಲಿಮೀಟರ್ ದಪ್ಪದ ಒಂದು ಕಂಬಿ. ಅದರ ಒಂದು ತುದಿಯಲ್ಲಿ ನಟ್, ಇನ್ನೊಂದು ತುದಿಯಲ್ಲಿ ಬೆರಳುದ್ದದ ಲಿವರ್. ಸಲಕರಣೆಯಿಲ್ಲದೆ ಚಕ್ರ ಬಿಚ್ಚಲೆಂದು ಇರುವ ಈ ಕ್ವಿಕ್ ರಿಲೀಸಿನ ಬಗ್ಗೆ ನನಗೆ ದ್ವೇಷವೇನೂ ಇಲ್ಲ. ಚೆನ್ನಾಗಿ ತಯಾರಾದ, ಸರಿಯಾಗಿ ಮುಚ್ಚಿದ ಲಿವರ್ ತನ್ನಷ್ಟಕ್ಕೆ ತೆರೆದುಕೊಳ್ಳುವುದು ತೀರಾ ಅಪರೂಪ. ನನ್ನ ತಕರಾರಿರುವುದು ಅದನ್ನು ನೀವು ಜನರ ಕೈಗಿಡುವ ರೀತಿಯ ಬಗ್ಗೆ, ಮತ್ತು ಚಕ್ರ ಕಳಚಿ ಯಾರಾದರೂ ಬಿದ್ದಾಗ ನೀವು ಕೊಡುವ ಸಿದ್ಧ ಉತ್ತರದ ಬಗ್ಗೆ: "ಬಳಸುವವರ ತಪ್ಪು."

ನನ್ನ ಕೆಲಸ ಸೈಕಲ್ ರಿಪೇರಿ. ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲಿನಲ್ಲಿ ನಾನು ಮೊದಲು ನೋಡುವುದು ಬ್ರೇಕನ್ನಲ್ಲ, ಗೇರನ್ನಲ್ಲ, ಈ ಲಿವರನ್ನು. ಕೆಲವರು ಲಿವರನ್ನು ಮಗುಚುವುದೇ ಇಲ್ಲ. ನಲ್ಲಿ ತಿರುಗಿಸಿದ ಹಾಗೆ ಸುತ್ತಿ ಸುತ್ತಿ ಬಿಗಿ ಮಾಡಿರುತ್ತಾರೆ. ಕೆಲವರು ಮಗುಚಿರುತ್ತಾರೆ, ಆದರೆ ನಟ್ ಎಷ್ಟು ಸಡಿಲವೆಂದರೆ ಕಿರುಬೆರಳಲ್ಲಿ ತಟ್ಟಿದರೆ ಲಿವರ್ ಬಾಯಿ ಬಿಡುತ್ತದೆ. ಇನ್ನು ಕೆಲವರದು ಫೋರ್ಕಿನ ಕಾಲಿಗೆ ತಾಗಿ ಅರ್ಧದಲ್ಲೇ ನಿಂತಿರುತ್ತದೆ; ಅದಕ್ಕಿಂತ ಮುಂದೆ ಹೋಗಲು ಜಾಗವೇ ಇಲ್ಲ, ಆದ್ದರಿಂದ ಪೂರ್ತಿ ಮುಚ್ಚಿದೆ ಅಂತ ಅವರು ನಂಬಿದ್ದಾರೆ. ಇವರಲ್ಲಿ ದಡ್ಡರು ಯಾರೂ ಇಲ್ಲ. ಹತ್ತಾರು ವರ್ಷ ಸೈಕಲ್ ತುಳಿದವರಿದ್ದಾರೆ, ಎಂಜಿನಿಯರುಗಳಿದ್ದಾರೆ. ಇದನ್ನು ಮುಚ್ಚುವುದು ಹೀಗೆ ಎಂದು ಅವರಿಗೆ ಯಾರೂ ಒಮ್ಮೆಯೂ ತೋರಿಸಿಲ್ಲ, ಅಷ್ಟೆ.

ಒಳಗೆ ನಡೆಯುವುದೇನು ಎಂದು ನಿಮಗೆ ಗೊತ್ತು. ಈ ಪತ್ರವನ್ನು ಸವಾರರೂ ಓದುವುದರಿಂದ ಹೇಳಿಬಿಡುತ್ತೇನೆ. ಲಿವರಿನ ಬುಡದಲ್ಲಿ ಒಂದು ಕ್ಯಾಮ್ ಇದೆ, ಅಂದರೆ ತನ್ನ ನಡುವನ್ನು ಬಿಟ್ಟು ಪಕ್ಕದಲ್ಲಿ ತಿರುಗುವ ದುಂಡನೆಯ ತುಂಡು. ಲಿವರ್ 180 ಡಿಗ್ರಿ ಮಗುಚಿಕೊಂಡಾಗ ಅದು ಕಂಬಿಯನ್ನು ತನ್ನತ್ತ ಸ್ವಲ್ಪವೇ ಸ್ವಲ್ಪ ಎಳೆಯುತ್ತದೆ. ಕಂಬಿ ಹಿಗ್ಗುತ್ತದೆ, ಆ ಹಿಗ್ಗೇ ಬಿಗಿತ. ಕೊನೆಯ ಹಂತದಲ್ಲಿ ಕ್ಯಾಮ್ ತನ್ನ ಅತ್ಯಂತ ಎತ್ತರದ ಬಿಂದುವನ್ನು ತುಸು ದಾಟಿ ಕೂರುತ್ತದೆ, ಹಾಗಾಗಿ ತಾನಾಗಿ ಹಿಂದಕ್ಕೆ ಬರಲಾರದು. ಎಷ್ಟು ಹಿಗ್ಗಬೇಕು ಎಂಬುದನ್ನು ಮಾತ್ರ ಲಿವರ್ ತೀರ್ಮಾನಿಸುವುದಿಲ್ಲ. ಅದು ಎದುರು ಬದಿಯ ನಟ್ಟಿನ ಕೈಯಲ್ಲಿದೆ. ನಟ್ ಅರ್ಧ ಸುತ್ತು ಕಡಿಮೆಯಾದರೂ ಸಾಕು, ಲಿವರ್ ಅದೇ ಜಾಗಕ್ಕೆ ಬಂದು ಅದೇ ಠೀವಿಯಲ್ಲಿ ಮಲಗುತ್ತದೆ, ಕಂಬಿಯಲ್ಲಿ ಮಾತ್ರ ಎಳೆತವೇ ಇರುವುದಿಲ್ಲ.

ನನ್ನ ಇಡೀ ವಾದ ನಿಂತಿರುವುದು ಇಲ್ಲಿಯೇ. ಸರಿಯಾಗಿ ಮುಚ್ಚಿದ ಲಿವರೂ ತಪ್ಪಾಗಿ ಮುಚ್ಚಿದ ಲಿವರೂ ಕಣ್ಣಿಗೆ ಒಂದೇ. ಅದರ ಮೇಲೆ ಕೆತ್ತಿರುವ 'ಕ್ಲೋಸ್' ಎಂಬ ಅಕ್ಷರಗಳು ಎರಡರಲ್ಲೂ ಹೊರಗೇ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಅಂಗೈಗೆ ಮಾತ್ರ. ಲಿವರ್ ಚಕ್ರದ ನಡುವಿನ ಗುಂಬದ (ಹಬ್) ನೇರಕ್ಕೆ, ಅಂದರೆ ಚಕ್ರದಿಂದ ಹೊರಕ್ಕೆ ಚಾಚಿ ನಿಂತಾಗಲೇ ಪ್ರತಿರೋಧ ಶುರುವಾಗಬೇಕು. ಅಲ್ಲಿಂದ ಮುಂದೆ ಅಂಗೈ ಕೊಟ್ಟು ಒತ್ತಿದರೆ ಅಂಗೈಯಲ್ಲಿ ಅದರ ಗುರುತು ಮೂಡಬೇಕು. ಇಂಥದ್ದನ್ನು ಹೇಳಿಕೊಡಲು ನೀವು ಆರಿಸಿಕೊಂಡ ಮಾಧ್ಯಮ ಯಾವುದು? ಹತ್ತಾರು ಭಾಷೆಗಳಲ್ಲಿ ಅಚ್ಚಾದ, ಇರುವೆಗಾತ್ರದ ಅಕ್ಷರಗಳ, ಪ್ಲಾಸ್ಟಿಕ್ ಚೀಲದಲ್ಲಿ ಹ್ಯಾಂಡಲಿಗೆ ಕಟ್ಟಿದ ಕೈಪಿಡಿ. ಅದನ್ನು ಬಿಚ್ಚಿ ಓದಿದವರನ್ನು ನಾನಂತೂ ಕಂಡಿಲ್ಲ.

ಈ ಲಿವರ್ ಹುಟ್ಟಿದ್ದೇ ಬೇರೆಯವರಿಗಾಗಿ. ಇಟಲಿಯ ರೇಸ್ ಸವಾರ ಟುಲ್ಲಿಯೊ ಕಂಪಾನ್ಯೋಲೊ 1927ರಲ್ಲಿ ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಚಕ್ರದ ನಟ್ ಬಿಚ್ಚಲಾಗದೆ ಒದ್ದಾಡಿದರು, ಆಗ ಹೊಳೆದ ಉಪಾಯ ಇದು ಎಂಬ ಕಥೆ ಪ್ರಸಿದ್ಧ. ಆ ಕಥೆ ನಡೆದದ್ದು ಹಾಗೆಯೇ ಹೌದೇ ಎಂದು ಪ್ರಶ್ನಿಸುವವರೂ ಇದ್ದಾರೆ, ಇರಲಿ. 1933ರಲ್ಲಿ ಅವರು ವಿಚೆಂಜಾದಲ್ಲಿ ಕಟ್ಟಿದ ಕಂಪನಿಯ ಹೆಸರು ಇವತ್ತಿಗೂ ಈ ಲಿವರಿನ ಜೊತೆ ಅಂಟಿಕೊಂಡಿದೆ. ಅದು ರೇಸಿನವರ ಸಾಧನ: ದಿನಾ ಚಕ್ರ ಬಿಚ್ಚುವವರು, ಪಕ್ಕದಲ್ಲೇ ಮೆಕ್ಯಾನಿಕ್ ಇದ್ದವರು, ಕೈ ಪಳಗಿದ್ದವರು. ನೀವು ಅದನ್ನೇ ಮಕ್ಕಳ ಸೈಕಲ್ಲಿಗೂ, ವರ್ಷಕ್ಕೊಮ್ಮೆ ಧೂಳು ಕೊಡವಿ ಹೊರತೆಗೆಯುವವರ ಸೈಕಲ್ಲಿಗೂ ಹಾಕಿದಿರಿ. ಚಕ್ರ ಬಿಚ್ಚುವ ಅಗತ್ಯವೇ ಬೀಳದವರಿಗೆ ಎರಡು ನಟ್ ಸಾಕಿತ್ತು. ಆದರೆ ಲಿವರ್ ಇದ್ದರೆ ಸೈಕಲ್ ದುಬಾರಿಯದ್ದಾಗಿ ಕಾಣುತ್ತದೆ, ಅಲ್ಲವೇ?

ಆಮೇಲೆ ಚಕ್ರಗಳು ಕಳಚಿದವು, ಮೊಕದ್ದಮೆಗಳು ಬಂದವು. ನಿಮ್ಮ ಉತ್ತರ ಫೋರ್ಕಿನ ತುದಿಯಲ್ಲಿ ಕೂತಿತು. ಚಕ್ರದ ಅಚ್ಚು (ಆಕ್ಸಲ್) ಕೂರುವ ಡ್ರಾಪ್‌ಔಟ್ ಎಂಬ ಸೀಳಿನ ಕೆಳತುದಿಯಲ್ಲಿ ಎದ್ದು ನಿಂತ ಸಣ್ಣ ಗಂಟು. ಲಿವರ್ ತೆರೆದುಕೊಂಡರೂ ಕಂಬಿಯ ನಟ್ ಆ ಗಂಟಿಗೆ ಸಿಕ್ಕಿಬಿದ್ದು ಚಕ್ರ ಉಳಿಯಲಿ ಎಂಬುದು ಲೆಕ್ಕ. ಇವಕ್ಕೆ ಮೆಕ್ಯಾನಿಕ್‌ಗಳು ಇಟ್ಟ ಅಡ್ಡಹೆಸರು ಲಾಯರ್ ಟ್ಯಾಬ್. ಇದರಿಂದ ಬಚಾವಾದವರು ಬಹಳ ಜನ ಇರಬೇಕು, ಅದನ್ನು ಅಲ್ಲಗಳೆಯಲಾರೆ. ಆದರೆ ಇದರ ಅಡ್ಡಪರಿಣಾಮವನ್ನು ನೀವು ಎಂದಾದರೂ ಯೋಚಿಸಿದ್ದೀರಾ? ಗಂಟು ದಾಟಿಸಿ ಚಕ್ರ ತೆಗೆಯಬೇಕಾದರೆ ಲಿವರ್ ತೆರೆದರಷ್ಟೇ ಸಾಲದು, ನಟ್ಟನ್ನೂ ಹಲವು ಸುತ್ತು ಬಿಚ್ಚಬೇಕು. ಮತ್ತೆ ಹಾಕುವಾಗ ಎಷ್ಟು ಸುತ್ತು ಬಿಗಿ ಮಾಡಬೇಕು ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಕಂಡುಕೊಳ್ಳಬೇಕು. ರೇಸಿನ ಸೈಕಲ್ಲಿನಲ್ಲಿ ಒಮ್ಮೆ ಹದ ಮಾಡಿದ ನಟ್ ಹಾಗೆಯೇ ಇರುತ್ತಿತ್ತು, ಲಿವರ್ ಮಾತ್ರ ತೆರೆದು ಮುಚ್ಚುತ್ತಿದ್ದರು. ಸುರಕ್ಷೆಗೆಂದು ಸೇರಿಸಿದ ಗಂಟು, ತಪ್ಪಿಗೆ ಅತಿ ಹೆಚ್ಚು ಅವಕಾಶವಿರುವ ಕೆಲಸವನ್ನೇ ಅತಿ ಕಡಿಮೆ ಅನುಭವವಿರುವ ಕೈಗಳಿಗೆ ಪ್ರತಿ ಸಲ ಒಪ್ಪಿಸುತ್ತದೆ. ನಟ್ ಮುಟ್ಟದೆ, ಒತ್ತಿ ಹಿಡಿದರೆ ಗಂಟು ದಾಟುವಂತಹ ಕ್ವಿಕ್ ರಿಲೀಸ್‌ಗಳು ಮಾರುಕಟ್ಟೆಗೆ ಬಂದಿವೆ. ನೀವು ಅವನ್ನು ಎಷ್ಟು ಸೈಕಲ್‌ಗಳಿಗೆ ಹಾಕಿದಿರಿ?

ಈ ಗಂಟನ್ನು ಅರದಿಂದ ಉಜ್ಜಿ ತೆಗೆಯುವ ಶೋಕಿ ಕೆಲವು ಸವಾರರಿಗೆ ಇದೆ. ದಯವಿಟ್ಟು ಬೇಡ. ಉಳಿಯುವುದು ಕೆಲವು ಸೆಕೆಂಡು, ಕಳೆದುಕೊಳ್ಳುವುದು ಕೊನೆಯ ಆಸರೆ.

ಇಷ್ಟೆಲ್ಲ ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನ ಕಾಲದ ಮಾತು. ಚಕ್ರದ ನಡುವೆ ಕೂತ ಲೋಹದ ತಟ್ಟೆಯನ್ನು (ರೋಟರ್) ಹಿಡಿಯುವ ಡಿಸ್ಕ್ ಬ್ರೇಕ್ ಬಂದ ಮೇಲೆ ವಿಷಯವೇ ಬೇರೆಯಾಯಿತು, ನಿಮ್ಮಲ್ಲಿ ಅನೇಕರು ಅದನ್ನು ಒಪ್ಪಿಕೊಳ್ಳಲು ವರ್ಷಗಳನ್ನೇ ತೆಗೆದುಕೊಂಡಿರಿ. ಆ ತಟ್ಟೆಯನ್ನು ಪ್ಯಾಡುಗಳಿಂದ ಕಚ್ಚುವ ಕ್ಯಾಲಿಪರ್ ಕೂತಿರುವುದು ಸಾಮಾನ್ಯವಾಗಿ ಫೋರ್ಕಿನ ಎಡಗಾಲಿನ ಹಿಂಬದಿಯಲ್ಲಿ. ಸೈಕಲ್ ಮುಂದಕ್ಕೆ ಉರುಳುವಾಗ ಆ ಜಾಗದಲ್ಲಿ ರೋಟರ್ ಮೇಲಕ್ಕೆ ಚಲಿಸುತ್ತಿರುತ್ತದೆ. ಬ್ರೇಕ್ ಹಿಡಿದಾಗ ಪ್ಯಾಡುಗಳು ಅದನ್ನು ಕೆಳಕ್ಕೆ ತಳ್ಳುತ್ತವೆ. ಡ್ರಾಪ್‌ಔಟಿನ ಬಾಯಿ ತೆರೆದಿರುವುದೂ ಕೆಳಕ್ಕೆ. ಈಗ ಲೆಕ್ಕ ಹಾಕಿ: ಚಕ್ರದ ತ್ರಿಜ್ಯ ಸುಮಾರು 340 ಮಿಲಿಮೀಟರ್, 160 ಮಿಲಿಮೀಟರ್ ರೋಟರಿನಲ್ಲಿ ಪ್ಯಾಡ್ ಕಚ್ಚುವ ಜಾಗದ ತ್ರಿಜ್ಯ 75ರ ಆಸುಪಾಸು. ನೆಲದ ಮೇಲೆ 500 ನ್ಯೂಟನ್ ಬ್ರೇಕ್ ಬಲ ಬೇಕೆಂದರೆ ರೋಟರಿನ ಮೇಲೆ 2,000 ನ್ಯೂಟನ್ನಿಗೂ ಹೆಚ್ಚು ಬೀಳಬೇಕು. ಸವಾರನ ಭಾರ ಅದರಲ್ಲೊಂದು ಪಾಲನ್ನು ತಡೆಯುತ್ತದೆ, ನಿಜ. ಆದರೂ ಉಳಿದದ್ದು ಆಕ್ಸಲಿನ ಎಡತುದಿಯನ್ನು ಡ್ರಾಪ್‌ಔಟಿನಿಂದ ಹೊರಕ್ಕೆ ನೂಕುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಹೋಗುವಾಗ, ಅದರ ಜೊತೆಗೆ ರಸ್ತೆಯ ಕುಲುಕಾಟ ಸೇರಿದಾಗ, ಆಕ್ಸಲ್ ತುಸು ಜಾರುತ್ತದೆ, ನಟ್ ತುಸು ತಿರುಗುತ್ತದೆ. 2003ರಲ್ಲಿ ಜೇಮ್ಸ್ ಆನನ್ ಎಂಬ ವಿಜ್ಞಾನಿ ಇದನ್ನು ಬಲಗಳ ಲೆಕ್ಕದ ಸಮೇತ ಬರೆದು ಮುಂದಿಟ್ಟರು. ಸರಿಯಾಗಿ ಮುಚ್ಚಿದ ಲಿವರ್ ಇದ್ದರೂ ಹೀಗಾಗಬಹುದು ಎಂಬುದು ಅವರ ವಾದದ ಮೊನೆ. ಬಳಸುವವರ ತಪ್ಪು ಎಂಬ ಉತ್ತರ ಅಲ್ಲಿಗೇ ಮುಗಿಯಬೇಕಿತ್ತು.

ಕಾಲಕ್ರಮೇಣ ಡ್ರಾಪ್‌ಔಟಿನ ಬಾಯಿ ಮುಂದಕ್ಕೆ ಓರೆಯಾದ ಫೋರ್ಕ್‌ಗಳು ಬಂದವು, ದಪ್ಪ ಆಕ್ಸಲನ್ನೇ ಫೋರ್ಕಿನ ತೂತಿನೊಳಗೆ ತೂರಿಸಿ ತಿರುಪುವ ಥ್ರೂ ಆಕ್ಸಲ್ ಬಂತು. ಬಾಯಿಯೇ ಇಲ್ಲದ ತೂತು, ಹಾಗಾಗಿ ಚಕ್ರ ಜಾರಿ ಹೊರಬೀಳುವ ದಾರಿ ಇಲ್ಲ. ಒಳ್ಳೆಯದಾಯಿತು. ಆದರೆ ಅದು ಮೊದಲು ಸಿಕ್ಕಿದ್ದು ದುಬಾರಿ ಸೈಕಲ್ ಕೊಳ್ಳುವವರಿಗೆ. ಡಿಸ್ಕ್ ಬ್ರೇಕ್ ಮಾತ್ರ ಅಗ್ಗದ ಸೈಕಲ್‌ಗಳಿಗೂ ಇಳಿಯಿತು, ಹಳೆಯ ಲಿವರನ್ನೇ ಜೊತೆಗೆ ಕಟ್ಟಿಕೊಂಡು.

ಅದೇ ಎಡಬದಿಯಲ್ಲಿ ಇನ್ನೊಂದು ಅಪಾಯ ಕಾದಿತ್ತು. 2015ರ ಏಪ್ರಿಲ್‌ನಲ್ಲಿ ಟ್ರೆಕ್ ಕಂಪನಿ ಅಮೆರಿಕ ಮತ್ತು ಕೆನಡಾಗಳಲ್ಲಿ ಸೇರಿ 10 ಲಕ್ಷದಷ್ಟು ಸೈಕಲ್‌ಗಳ ಮುಂದಿನ ಕ್ವಿಕ್ ರಿಲೀಸನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಲಿವರ್ 180 ಡಿಗ್ರಿಗೂ ಹೆಚ್ಚು ಹಿಂದಕ್ಕೆ ತೆರೆದುಕೊಂಡು ತಿರುಗುತ್ತಿರುವ ರೋಟರಿಗೆ ಸಿಕ್ಕಿಹಾಕಿಕೊಳ್ಳಬಹುದಿತ್ತು. ಚಕ್ರ ತಟ್ಟನೆ ನಿಲ್ಲಬಹುದಿತ್ತು, ಇಲ್ಲವೇ ಕಳಚಬಹುದಿತ್ತು. ವರದಿಯಾದ ಅವಘಡಗಳು ಮೂರು. ಒಬ್ಬರಿಗೆ ಕೈಕಾಲುಗಳ ಸ್ವಾಧೀನವೇ ತಪ್ಪಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೂ 13 ಕಂಪನಿಗಳು ಅದೇ ಕಾರಣಕ್ಕೆ ಮುಂದೆ ಬಂದವು, ಅಮೆರಿಕವೊಂದರಲ್ಲೇ ಸುಮಾರು 13 ಲಕ್ಷ ಸೈಕಲ್‌ಗಳು. ಟ್ರೆಕ್ ಪಟ್ಟಿಯಲ್ಲಿದ್ದ ಸೈಕಲ್‌ಗಳು 2000ದಿಂದ 2015ರವರೆಗಿನವು. ಹದಿನೈದು ವರ್ಷ ಈ ಲಿವರ್ ಮತ್ತು ಈ ರೋಟರ್ ಅಕ್ಕಪಕ್ಕದಲ್ಲೇ ಇದ್ದವು. ಲಿವರನ್ನು ಪೂರ್ತಿ ತೆರೆದು ರೋಟರಿನ ಕಡೆ ತಿರುಗಿಸಿ ನೋಡುವುದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ.

ಇದರಲ್ಲಿ ಒಂದು ಮಾತು ಗಮನಿಸಿ. ಮುಚ್ಚಿದ ಲಿವರ್ ರೋಟರಿಗೆ ತಾಗುವುದಿಲ್ಲ. ತಾಗಬೇಕಾದರೆ ಅದು ತೆರೆದಿರಬೇಕು ಅಥವಾ ಸಡಿಲವಾಗಿರಬೇಕು. ಹಾಗಾಗಿ ಇಲ್ಲೂ "ಮುಚ್ಚದೇ ಬಿಟ್ಟವರದೇ ತಪ್ಪು" ಎನ್ನಬಹುದಿತ್ತು. ಆದರೂ ಲಕ್ಷಗಟ್ಟಲೆ ಲಿವರ್‌ಗಳನ್ನು ಬದಲಿಸಲು ಮುಂದಾದಿರಿ. ಮನುಷ್ಯರು ಮರೆಯುತ್ತಾರೆ, ಮರೆತ ಮಾತ್ರಕ್ಕೆ ಬೆನ್ನುಮೂಳೆ ಮುರಿಯಬಾರದು ಎಂಬುದನ್ನು ಆಗ ನೀವೇ ಒಪ್ಪಿಕೊಂಡಿರಿ. ನಾನು ಕೇಳುತ್ತಿರುವುದು ಆ ಒಪ್ಪಿಗೆಯನ್ನೇ ಇನ್ನೊಂದಿಷ್ಟು ಮುಂದಕ್ಕೆ ಒಯ್ಯಿರಿ ಎಂದು.

ಮೊದಲು ತಯಾರಕರಿಗೆ. ಕ್ಯಾಮ್ ಲೋಹದ ಗೂಡಿನೊಳಗೆ ಅಡಗಿರುವ ಹಳೆಯ ಬಗೆ ಒಂದು. ಕ್ಯಾಮ್ ಹೊರಗೇ ಇದ್ದು, ಪ್ಲಾಸ್ಟಿಕ್ ಬಿಲ್ಲೆಯೊಂದರ ಮೇಲೆ ಉಜ್ಜುತ್ತಾ ಕೂರುವ ಬಗೆ ಇನ್ನೊಂದು. ಎರಡನೆಯದು ಹಗುರ, ಅಗ್ಗ, ನೋಡಲು ಚಂದ. ಆದರೆ ಅದರಲ್ಲಿ ಕೈಯ ಬಲದ ದೊಡ್ಡ ಪಾಲು ಘರ್ಷಣೆಗೇ ಹೋಗುತ್ತದೆ. ಕೆಸರು ಧೂಳು ಸೇರಿದರೆ ಇನ್ನೂ ಹೆಚ್ಚು. ಒತ್ತಲು ಕಷ್ಟವಾದ್ದರಿಂದ ತುಂಬಾ ಬಿಗಿಯಾಗಿದೆ ಎಂದು ಸವಾರ ಅಂದುಕೊಳ್ಳುತ್ತಾನೆ, ಕಂಬಿಯಲ್ಲಿ ಎಳೆತ ಅಷ್ಟಿರುವುದಿಲ್ಲ. ಅಂಗೈಯೊಂದನ್ನೇ ಸಾಕ್ಷಿ ಮಾಡಿಟ್ಟ ಸಾಧನದಲ್ಲಿ ಅಂಗೈಗೇ ಸುಳ್ಳು ಹೇಳುವ ಭಾಗ ಇದು. ಡಿಸ್ಕ್ ಬ್ರೇಕ್ ಇರುವ, ಕೆಳಮುಖ ಬಾಯಿಯ ಫೋರ್ಕಿಗೆ ಇದನ್ನು ಹಾಕುವುದನ್ನು ಇವತ್ತೇ ನಿಲ್ಲಿಸಿ. ಒಳಕ್ಯಾಮಿನ ಉಕ್ಕಿನ ಕಂಬಿ, ಲೋಹವನ್ನು ಕಚ್ಚುವ ಉಕ್ಕಿನ ಹಲ್ಲುಗಳು: ಇದರಲ್ಲಿ ಹೊಸ ಸಂಶೋಧನೆ ಏನೂ ಬೇಕಿಲ್ಲ.

ಮಾನಕ ಬರೆಯುವವರಿಗೆ ಎರಡು ಮಾತು. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 4210ರಲ್ಲಿ ಲಿವರ್ ಮುಚ್ಚಲು 200 ನ್ಯೂಟನ್ನಿಗಿಂತ ಹೆಚ್ಚು ಬಲ ಬೇಕಾಗಬಾರದು, ತೆರೆಯಲು 50ಕ್ಕಿಂತ ಕಡಿಮೆ ಸಾಕಾಗಬಾರದು ಎಂದಿದೆ. ಬಿಗಿ ಮಾಡಿದ ಮುಂದಿನ ಚಕ್ರವನ್ನು 2,300 ನ್ಯೂಟನ್ ಬಲದಿಂದ ಒಂದು ನಿಮಿಷ ಎಳೆದರೂ ಆಕ್ಸಲ್ ಕದಲಬಾರದು ಎಂದೂ ಇದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸೈಕಲ್ ನಿಯಮವಂತೂ ಬಿಗಿಯಾದಾಗ ಫೋರ್ಕಿನ ಮೇಲೆ ಒತ್ತಿದ ಗುರುತು ಬೀಳಬೇಕು ಎನ್ನುತ್ತದೆ. ಈ ಸಾಲು ನನಗೆ ಬಹಳ ಇಷ್ಟ, ಯಾಕೆಂದರೆ ಚಕ್ರ ತೆಗೆದು ಕಣ್ಣಿಂದಲೇ ನೋಡಬಹುದಾದ ಗುರುತು ಅದೊಂದೇ. ಆದರೆ ಈ ಪರೀಕ್ಷೆಗಳೆಲ್ಲ ನಡೆಯುವುದು ಲಿವರ್ ಮುಚ್ಚಲು ಬಲ್ಲವರು ಮುಚ್ಚಿದ ಮೇಲೆ. 2,300 ನ್ಯೂಟನ್ ಎರಡೂ ಬದಿಗೆ ಸಮನಾಗಿ ಬೀಳುತ್ತದೆ. ಡಿಸ್ಕ್ ಬ್ರೇಕ್ ಎಡಕ್ಕೆ ಮಾತ್ರ ಹೊಡೆಯುತ್ತದೆ. ಲಿವರ್ ಬಳಸಿ ಗೊತ್ತಿಲ್ಲದ ಹತ್ತು ಜನರನ್ನು ಕೂರಿಸಿ, ಕೈಪಿಡಿ ಕೊಟ್ಟು, ಚಕ್ರ ಹಾಕಲು ಹೇಳಿ, ಆಮೇಲೆ ಎಳೆದು ನೋಡುವ ಪರೀಕ್ಷೆಯನ್ನು ನೀವು ಯಾಕೆ ಸೇರಿಸಬಾರದು? ಎಳೆತ ಸಾಲದಿದ್ದರೆ ಹೊರಗೆ ಕಾಣುವ ಒಂದು ಕೆಂಪು ಪಟ್ಟಿ, ಅಷ್ಟಾದರೂ ಕಡ್ಡಾಯವಾಗಲಿ.

ಇನ್ನು ಮಾರುವವರು. ನಿಮ್ಮ ಮೇಲೆ ನನಗೆ ಕೋಪ ಕಡಿಮೆ, ನಿರೀಕ್ಷೆ ಹೆಚ್ಚು. ಪೆಟ್ಟಿಗೆಯಿಂದ ಬಂದ ಸೈಕಲ್ಲಿಗೆ ಮುಂದಿನ ಚಕ್ರ ಹಾಕುವವರು ನೀವೇ. ಹಾಕುವಾಗ ಆಕ್ಸಲಿನ ತುದಿ ಡ್ರಾಪ್‌ಔಟಿನ ಹೊರಮೈಗಿಂತ ಆಚೆಗೆ ಚಾಚಿಲ್ಲ ಎಂದು ನೋಡಿ. ಚಾಚಿದ್ದರೆ ಕಂಬಿ ಎಷ್ಟು ಬಿಗಿದರೂ ಆಕ್ಸಲನ್ನು ಅಮುಕುತ್ತದೆಯೇ ಹೊರತು ಫೋರ್ಕನ್ನಲ್ಲ. ತೆಳುವಾದ ಡ್ರಾಪ್‌ಔಟ್ ಇರುವ ಅಗ್ಗದ ಫೋರ್ಕುಗಳಲ್ಲಿ ಇದನ್ನು ಹುಡುಕಿಯೇ ನೋಡಬೇಕು. ಕಂಬಿಯ ಎರಡು ಪುಟ್ಟ ಸ್ಪ್ರಿಂಗುಗಳ ಕಿರಿದಾದ ಬಾಯಿ ಒಳಮುಖವಾಗಿರಲಿ. ಫೋರ್ಕಿನ ಬಣ್ಣ ದಪ್ಪವಾಗಿದ್ದರೆ ಮೊದಲ ಕೆಲವು ಸವಾರಿಗಳಲ್ಲಿ ಬಣ್ಣ ಅದುಮಿಕೊಂಡು ಬಿಗಿತ ಇಳಿಯುತ್ತದೆ, ಮತ್ತೆ ಬಂದು ತೋರಿಸಿ ಎಂದು ಕೊಳ್ಳುವವರಿಗೆ ಹೇಳಿ. ರೋಟರ್ ಎಡಕ್ಕಿದ್ದರೆ ಲಿವರನ್ನು ಬಲಕ್ಕೆ ಹಾಕುವುದು ಸುಲಭದ ಉಪಾಯ. ಬಿಸಿ ರೋಟರಿಗೆ ಬೆರಳು ತಾಗಿ ಸುಡುವುದೂ ತಪ್ಪುತ್ತದೆ.

ಮತ್ತು ಈ ಪತ್ರ ಬರೆದ ಮುಖ್ಯ ಕಾರಣ: ಲಿವರ್ ತೆರೆದು, ಚಕ್ರ ತೆಗೆದು, ಕೊಳ್ಳುವವರ ಕೈಗೆ ಕೊಡಿ. "ನೀವೇ ಹಾಕಿ" ಎನ್ನಿ. ಅವರು ತಪ್ಪಾಗಿಯೇ ಹಾಕಲಿ. ಸೈಕಲ್ಲಿನ ಮೂತಿ ಎತ್ತಿ ಟೈರಿಗೆ ಮುಷ್ಟಿಯಿಂದ ಮೇಲಿನಿಂದ ಎರಡೇಟು ಹಾಕಿ ತೋರಿಸಿ. ಚಕ್ರ ಅಲುಗಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಉಪನ್ಯಾಸ ಬೇಕಿಲ್ಲ. ಆಮೇಲೆ ನಟ್ ಹದ ಮಾಡಿ ಕೊಟ್ಟು, ಅವರ ಅಂಗೈಯಲ್ಲೇ ಮುಚ್ಚಿಸಿ. ಲಿವರ್ ಕೊನೆಗೆ ಫೋರ್ಕಿನ ಹಿಂದಕ್ಕೆ ಅಥವಾ ಮೇಲಕ್ಕೆ ತಿರುಗಿರಲಿ. ಮುಂದಕ್ಕೆ ಚಾಚಿದ್ದರೆ ಪೊದೆಗೋ ಇನ್ನೊಂದು ಸೈಕಲ್ಲಿಗೋ ಸಿಕ್ಕಿ ತೆರೆದುಕೊಳ್ಳಬಹುದು. ಇಷ್ಟಕ್ಕೆ ಐದು ನಿಮಿಷವೂ ಬೇಡ. ಹಾಗೆ ಮಾಡಿಸದೆ ಸೈಕಲ್ ಹಸ್ತಾಂತರಿಸಬಾರದು ಎಂದು ತಯಾರಕರು ತಮ್ಮ ಮಾರಾಟಗಾರರಿಗೆ ಲಿಖಿತ ಷರತ್ತು ಹಾಕಲಿ. ಬಣ್ಣಕ್ಕೆ ಗೆರೆ ಬಿದ್ದರೆ ವಾರಂಟಿ ಇಲ್ಲ ಎಂಬುದಕ್ಕೆ ಷರತ್ತು ಬರೆಯಲು ನಿಮಗೆ ಬರುತ್ತದಲ್ಲ.

ಸವಾರರೇ, ನಿಮ್ಮ ಪಾಲಿನ ಕೆಲಸ ಚಿಕ್ಕದು. ನಿಲ್ಲಿಸಿ ಹೋದ ಸೈಕಲ್ಲಿನ ಲಿವರನ್ನು ದಾರಿಹೋಕರು ಕುತೂಹಲಕ್ಕೆ ಎಳೆದಿರಬಹುದು, ಮಕ್ಕಳು ಆಟಕ್ಕೆ ತೆರೆದಿರಬಹುದು. ಏರುವ ಮುಂಚೆ ಬಗ್ಗಿ ಒಮ್ಮೆ ಲಿವರ್ ಮುಟ್ಟಿ ನೋಡಿ. ಹಿಂದಿನ ಚಕ್ರದ ಕಂಬಿಗೆ ಮಕ್ಕಳ ಟ್ರೇಲರನ್ನೋ ಮನೆಯೊಳಗಿನ ಟ್ರೇನರನ್ನೋ ಕಟ್ಟುವವರು ಅದರ ತಯಾರಕರು ಹೇಳಿದ ಉಕ್ಕಿನ ಕಂಬಿಯನ್ನೇ ಹಾಕಿ.

ಕೊನೆಯದಾಗಿ 2015ರ ಆ ಸೈಕಲ್‌ಗಳ ವಿಚಾರ. ಹಿಂಪಡೆಯುವ ಪ್ರಕಟಣೆ ಮುಟ್ಟುವುದು ಅಂಗಡಿಯಿಂದ ಕೊಂಡ ಮೊದಲ ಮಾಲೀಕರಿಗೆ, ಅದೂ ಮುಟ್ಟಿದರೆ. ಒಳ್ಳೆಯ ಸೈಕಲ್ ಇಪ್ಪತ್ತು ವರ್ಷ ಓಡುತ್ತದೆ, ಕೈಯಿಂದ ಕೈಗೆ ಹೋಗುತ್ತದೆ, ದೇಶದಿಂದ ದೇಶಕ್ಕೂ ಹೋಗುತ್ತದೆ. ಹಳೆಯ ಡಿಸ್ಕ್ ಬ್ರೇಕ್ ಸೈಕಲ್ ಇರುವವರು ಲಿವರನ್ನು ಪೂರ್ತಿ ತೆರೆದು ರೋಟರಿಗೆ ಸಮಾನಾಂತರವಾಗಿ ಹಿಡಿದು ನೋಡಲಿ. ನಡುವೆ 6 ಮಿಲಿಮೀಟರ್, ಅಂದರೆ ಒಂದು ಪೆನ್ಸಿಲ್ ತೂರುವಷ್ಟು ಜಾಗವಿಲ್ಲದಿದ್ದರೆ ಆ ಕಂಬಿ ಬದಲಾಗುವ ತನಕ ಏರಬೇಡಿ. ತಯಾರಕರು ಮಾಡಬೇಕಾದದ್ದು ಇಷ್ಟು: ಬಿಲ್ ಕೇಳದೆ, ಎಷ್ಟನೇ ಮಾಲೀಕ ಎಂದು ವಿಚಾರಿಸದೆ, ಯಾವ ದೇಶದಲ್ಲಿ ಕೊಂಡದ್ದೆಂದು ನೋಡದೆ, ಆ ಲಿವರ್ ಹಿಡಿದು ಬಂದವರಿಗೆಲ್ಲ ಹೊಸದನ್ನು ಕೊಡಿ. ಕೊಡುತ್ತೀರೋ ಇಲ್ಲವೋ ಎಂಬುದನ್ನು ನಿಮ್ಮ ನಿಮ್ಮ ಹೆಸರಿನಲ್ಲೇ, ಎಲ್ಲರಿಗೂ ಕಾಣುವಂತೆ ತಿಳಿಸಿ.

ಇಂತಿ,
ಸೈಕಲ್ ರಿಪೇರಿಯ ಒಬ್ಬ ಮೆಕ್ಯಾನಿಕ್